ಗೌಡನ ಹೆಸರು ನುಂಗಿದ ಉಪ್ಪಿನಕಾಯಿ ಎಣ್ಣೆಯ ಕಲೆಗೆ

ಸಭಾಸದರೇ! ಮುಂದೆ ಚಾಪೆ ಹಾಸಿ ಕುಳಿತ ಹಿರಿಯರೇ, ಹಿಂದೆ ಚಕ್ಕಡಿ ಏರಿ ನಿಂತ ತಾಯಂದಿರೇ, ಪರದೆಯ ಸಂದಿಯಲ್ಲಿ ಇಣುಕುವ ಕಿಡಿಗೇಡಿಗಳೇ! ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದೂ ಊರುಗಳ ಮಹಾಜನರೇ! ಹೊಸಹಳ್ಳಿಯ ಪಾಲಾಕ್ಷಪ್ಪನಾದ ನಾನು ಗುಜರಾತಿನ ಸೂರತ್ತಿನಲ್ಲಿ, ಸೀರೆ ಕಾರ್ಖಾನೆಯೊಂದರ ಕಾವಲು ಕೋಣೆಯಲ್ಲಿ ಕುಳಿತು ಬರೆಯುತ್ತಿರುವ ಈ ಪತ್ರ ನಿಮಗಲ್ಲ. ನೀವು ಸಾಕ್ಷಿಗಳು ಮಾತ್ರ. ಬೀಡಿ ಆರಿಸಿ, ಕಿವಿ ತೆರೆಯಿರಿ.

ಮಾನ್ಯ ಎಣ್ಣೆ ಕಲೆಯವರೇ,

ದಿನಪತ್ರಿಕೆಯ ನಾಲ್ಕನೆಯ ಪುಟದ ಐದನೆಯ ಕಾಲಮ್ಮಿನಲ್ಲಿ ಅಂಗೈಯಗಲದ ಪೀಠವನ್ನು ಅಲಂಕರಿಸಿರುವ ತಮಗೆ, ಮಾವಿನಕಾಯಿ ಕುಲತಿಲಕರಿಗೆ, ಮೆಂತ್ಯ ಸಾಸಿವೆಗಳ ಪರಿಮಳದಿಂದ ಭೂಷಿತರಾದವರಿಗೆ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಎರಡು ಸಲ ಸುಣ್ಣದ ಪುಡಿ, ಒಂದು ಸಲ ಗೋಧಿ ಹಿಟ್ಟು ಉದುರಿಸಿ ಒತ್ತಿದರೂ ತಾವು ಪೀಠದಿಂದ ಕೂದಲೆಳೆಯಷ್ಟೂ ಕದಲಲಿಲ್ಲ.

ಈ ಊರಿನಲ್ಲಿ ಕನ್ನಡ ಪತ್ರಿಕೆ ಸಿಗುವುದಿಲ್ಲ. ನಮ್ಮ ಕಡೆಯಿಂದ ಹುಣಸೆಹಣ್ಣು ಹೇರಿಕೊಂಡು ಬರುವ ಲಾರಿ ಡ್ರೈವರ್ ಮುಬಶ್ಶಿರನ ಕೈಯಲ್ಲಿ ನನ್ನ ಅಕ್ಕ ಮರುಳಸಿದ್ದಮ್ಮ ಆಗಾಗ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಕಳಿಸುತ್ತಾಳೆ. ಅವನ್ನು ಸುತ್ತಿದ ಹಳೆಯ ಪತ್ರಿಕೆಗಳೇ ನನ್ನ ಪಾಲಿನ ಕರ್ನಾಟಕ. ಕೊಟ್ಟೂರಿನ ದಿಬ್ಬಣದ ಬಸ್ಸು ದಾರಿ ತಪ್ಪಿ ಯಾರದೋ ಮದುವೆಗೆ ಹೋಗಿ, ಊಟ ಮುಗಿಸಿ, ಅಕ್ಷತೆಯನ್ನೂ ಹಾಕಿ ಬಂದ ಸುದ್ದಿಯನ್ನು ನಾನು ರೊಟ್ಟಿಯ ಪದರಗಳ ನಡುವೆಯೇ ಓದಿದ್ದು. ಕ್ರಮದಲ್ಲಿ ಮಾತ್ರ ತುಸು ಏರುಪೇರು. ಹಗರಿಬೊಮ್ಮನಹಳ್ಳಿಯ ಎಮ್ಮೆಯೊಂದು ಚಟ್ನಿಪುಡಿಯ ಪೊಟ್ಟಣದಲ್ಲಿ ಸಿಕ್ಕಿತು, ಮುಂದಿನ ಸಲ ರೊಟ್ಟಿಯ ಪೊಟ್ಟಣದಲ್ಲಿ ಕಳೆದುಹೋಯಿತು. ಸಿಕ್ಕ ಸಂತೋಷಕ್ಕೆ ಉಳಿದ ಕಾವಲುಗಾರರಿಗೆಲ್ಲ ಚಹಾ ಕುಡಿಸಿದ್ದ ನಾನು, ಕಳೆದ ದುಃಖಕ್ಕೆ ಒಂದು ಹೊತ್ತು ಊಟ ಬಿಟ್ಟೆ.

ಹೀಗಿರುವಾಗ ಈ ಜೂನ್ ತಿಂಗಳ, ಅಂದರೆ ಎರಡು ಸಾವಿರದ ಮೂರನೆಯ ಇಸವಿಯ ಉಪ್ಪಿನಕಾಯಿ ಜಾಡಿಯನ್ನು ಬಿಚ್ಚಿದೆ. ಜಾಡಿಗೆ ಸುತ್ತಿದ ಹಾಳೆಯಲ್ಲಿ ನಮ್ಮೂರ ಹೆಸರು! "ಹೊಸಹಳ್ಳಿ: ಇಲ್ಲಿನ ಯುವಕ ಮಂಡಳಿಯ ಸಾಮಾಜಿಕ ನಾಟಕದಲ್ಲಿ ಗೌಡನ ಪಾತ್ರ ವಹಿಸಿದ್ದ" ಎಂಬಲ್ಲಿಗೆ ತಮ್ಮ ಸಾಮ್ರಾಜ್ಯ ಶುರು. "ಅವರತ್ತ ಪ್ರೇಕ್ಷಕರು" ಎಂಬ ಎರಡು ಪದಗಳಿಗೆ ದಾರಿ ಬಿಟ್ಟು, ಮತ್ತೆ ತಮ್ಮದೇ ಕೊಲ್ಲಿಯೊಂದು ಚಾಚಿ, ದಡದಲ್ಲಿ "ಎಸೆದರು" ಎಂಬ ಒಂದೇ ಒಂದು ಪದ ಒಣಗಿ ಉಳಿದಿದೆ.

ಸಭಾಸದರೇ, ಆ ಗೌಡನ ಪಾತ್ರ ಹನ್ನೊಂದು ವರ್ಷ ನನ್ನದು! ನನ್ನ ಒಂದು ನಗುವಿಗೆ ತೊಟ್ಟಿಲ ಕೂಸುಗಳು ಎದ್ದು, ಎದ್ದಿದ್ದ ಮುದುಕರು ಮಲಗುತ್ತಿದ್ದರು. ನಾನು ಊರು ಬಿಡುವ ದಿನ ಮಂಡಳಿಯವರೆಲ್ಲ ಬಸ್ಸಿನ ಕಿಟಕಿ ಹಿಡಿದು, "ನೀ ಬರೋತನ ಗೌಡನ ಪಾರ್ಟು ಯಾರಿಗೂ ಕೊಡಾಂಗಿಲ್ಲ, ಹೋಗಿ ಬಾರಣ್ಣ" ಎಂದಿದ್ದರು. ಹಾಗಾದರೆ ಈ ಗೌಡ ಯಾರು? ಎಸೆದದ್ದು ಹೂವೋ, ಚಪ್ಪಲಿಯೋ? ಚಪ್ಪಲಿಯಾದರೆ ಒಂದು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ಹೂವಾದರೆ ನನ್ನ ಗತಿ ಏನು, ತಾವೇ ಹೇಳಬೇಕು.

ತಮ್ಮ ಪಾರದರ್ಶಕತೆಯನ್ನು ಎಷ್ಟು ಹೊಗಳಿದರೂ ಸಾಲದು. ಹಾಳೆಯನ್ನು ಬಿಸಿಲಿಗೆ ಹಿಡಿದರೆ ಹೆಸರು ಕಾಣಬಹುದೆಂದು ಹಿಡಿದೆ. ಹಿಂಬದಿಯ ಜಾಹೀರಾತು ತಮ್ಮ ಮೂಲಕ ಉಲ್ಟಾ ಅಕ್ಷರದಲ್ಲಿ ಮೂಡಿ ಬಂತು. ಕನ್ನಡಿ ಹಿಡಿದು ಓದಿದೆ. ಅದರ ಪ್ರಕಾರ ನಮ್ಮೂರಲ್ಲಿ ಈ ವರ್ಷ ಗೌಡನ ಪಾತ್ರ ವಹಿಸಿದ್ದು ಐದು ಅಶ್ವಶಕ್ತಿಯ ನೀರೆತ್ತುವ ಮೋಟಾರು. ಎರಡು ವರ್ಷದ ಗ್ಯಾರಂಟಿಯೂ ಉಂಟು. ನನಗೆ ಅದೂ ಇರಲಿಲ್ಲ.

ಆದ್ದರಿಂದ ತಮ್ಮಲ್ಲಿ ಅರಿಕೆ: ತಾವು ದಯವಿಟ್ಟು ಎರಡು ಅಂಗುಲ ಎಡಕ್ಕೆ ಸರಿದು ಭವಿಷ್ಯ ಹೇಳುವವರ ಅಂಕಣದ ಮೇಲೆ ವಿರಾಜಮಾನರಾಗಬೇಕು. ಅದು ಆಗದಿದ್ದರೆ ಬಂದ ದಾರಿಯಲ್ಲೇ ಜಾಡಿಗೆ ಮರಳಬೇಕು. ಮುಬಶ್ಶಿರನನ್ನೇ ಕೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮಾನ್ಯರೇ, ಹನ್ನೊಂದು ವರ್ಷ ಗೌಡನಾಗಿದ್ದವನು ಲಾರಿಯ ಚಕ್ರದ ಪಕ್ಕ ನಿಂತು "ನನ್ನ ಪಾರ್ಟು ಯಾರು ಮಾಡಿದರಪ್ಪಾ" ಎನ್ನಲಾದೀತೇ? ಹೋದ ಸಲ ಅವನು ಬಂದಾಗ ಒಂದು ತಾಸು ಮಳೆ, ರಸ್ತೆ, ಟೈರು, ಅವನ ಹೆಂಡತಿಯ ತವರಿನವರ ಆರೋಗ್ಯ ಎಲ್ಲವನ್ನೂ ವಿಚಾರಿಸಿದೆ. ಆ ಪ್ರಶ್ನೆಯೊಂದನ್ನು ಮಾತ್ರ ಕೇಳದೆಯೇ ಕಳಿಸಿಕೊಟ್ಟೆ.

ಇಷ್ಟು ಬರೆಯುವಷ್ಟರಲ್ಲಿ, ಸಭಾಸದರೇ, ಮುಬಶ್ಶಿರನ ಲಾರಿ ಮತ್ತೆ ಬಂತು! ಒಳಗೆ ಬಂದವನು ಮಂಚದ ಮೇಲೆ ಹರಡಿದ್ದ ಹಾಳೆಯನ್ನೂ ಪಕ್ಕದ ಕನ್ನಡಿಯನ್ನೂ ನೋಡಿ ಹೊಟ್ಟೆ ಹಿಡಿದು ನಕ್ಕ. "ಅಣ್ಣಾ, ಇದು ಚೆಲ್ಲಿದ ಎಣ್ಣಿ ಅಲ್ಲ, ಹೊಯ್ದ ಎಣ್ಣಿ! ಅಕ್ಕಗ ಓದಾಕ ಬರಾಂಗಿಲ್ಲ. ಹೆಸರು ಎಲ್ಲೈತಿ ತೋರ್ಸಪಾ ಅಂದ್ಳು, ನಾ ಬೆರಳಿಟ್ಟಲ್ಲೇ ಚಮಚ ಬಗ್ಗಿಸಿದ್ಳು. ಹಂಗಾರ ಈ ಪೇಪರ್ ಯಾಕ ಕಳಸ್ತೀಬೇ ಅಂದ್ರ, ಊರ ಹೆಸರು ಪೇಪರ್‌ನಾಗ ಬಂದೈತಿ, ನನ್ನ ತಮ್ಮ ನೋಡಬ್ಯಾಡೇನು, ಆ ಹೆಸರಷ್ಟು ಕಾಣದಿದ್ರ ಸಾಕು ಅಂದ್ಳು."

ನನ್ನ ಗೌಡಿಕೆ ಅಲ್ಲೇ ಕುಸಿಯಿತು. "ಯಾರಲೇ ಅವನು?" ಎಂದು ಕೇಳಿಯೇಬಿಟ್ಟೆ. "ಆಣಿ ಹಾಕಿಸ್ಯಾಳಣ್ಣಾ, ಹೇಳಾಂಗಿಲ್ಲ. ಆದ್ರ ನಿಮ್ಮ ಭಾವ ದನಿ ಬಿದ್ದೈತಂತ ಇನ್ನೂ ಬಿಸಿನೀರು ಕುಡಿಯಾಕತ್ಯಾನ" ಎಂದ.

ಪಂಚಾಕ್ಷರಪ್ಪ! ನನ್ನ ಅಕ್ಕನ ಗಂಡ! ಅಂಗಳಕ್ಕೆ ಕೋಳಿ ಬಂದರೆ "ಚೂರು ಆಚಿಗೆ ಹೋಗ್ರಿ" ಎನ್ನುವ ಸಾಧು! ಮತ್ತೆ ಎಸೆದದ್ದೇನು? "ಟವೆಲ್ಲಣ್ಣಾ! ಮಂದಿ ಹೆಗಲ ಮ್ಯಾಲಿನ ಟವೆಲ್ಲು ತಗದು ತಗದು ಒಗದ್ರು. ಇನ್ನೊಂದ್ಸಲ ನಗೋ ಗೌಡಾ ಅಂತ ಮೂರು ಸಲ ನಗಿಸಿದ್ರು." ನನಗೆ ಹನ್ನೊಂದು ವರ್ಷದಲ್ಲಿ ಬಿದ್ದದ್ದು ಒಂದೇ ಟವೆಲ್ಲು, ಅದನ್ನೂ ಎಸೆದವನು ಮರುದಿನ ಬಂದು ಕೇಳಿ ಒಯ್ದ.

ಮಾನ್ಯರೇ, ತಮ್ಮ ಮೇಲಿನ ಎಲ್ಲ ಆರೋಪಗಳನ್ನು ಈ ಮೂಲಕ ಹಿಂಪಡೆದಿದ್ದೇನೆ. ಒಂದು ಅಕ್ಷರವೂ ಬಾರದ ಅಕ್ಕ ಇಡೀ ಹಾಳೆಯಲ್ಲಿ ನನಗೆ ನೋವಾಗುವ ಜಾಗವನ್ನೇ ಹುಡುಕಿ ಹಚ್ಚಿದ ಮುಲಾಮು ತಾವೆಂದು ತಿಳಿಯದೆ ಸುಣ್ಣ ಎರಚಿದೆ, ಕ್ಷಮಿಸಬೇಕು. ತಮ್ಮನ್ನು ಹಾಳೆಸಮೇತ ಕಾವಲು ಕೋಣೆಯ ಗೋಡೆಗೆ, ದೇವರ ಪಟದ ಪಕ್ಕ ಅಂಟಿಸಿದ್ದೇನೆ.

ಇಂತಿ, ತಮ್ಮನ್ನು ಬಿಸಿಲಿಗೆ ಹಿಡಿದೂ ಸತ್ಯ ಕಾಣದ ವಿಶ್ವಾಸಿ,
ಪಾಲಾಕ್ಷಪ್ಪ
(ಗೌಡ, ನಿವೃತ್ತ)

ಮರೆತ ಮಾತು: ಗೌಡನ ಮೀಸೆಯನ್ನು ಬೇರೆ ಯಾರೂ ಹಚ್ಚಿಕೊಳ್ಳಬಾರದೆಂದು ನಾನು ಊರು ಬಿಡುವಾಗಲೇ ಟ್ರಂಕಿನಲ್ಲಿಟ್ಟು ತಂದಿದ್ದೆ; ಪಾಪ, ಭಾವನವರು ಕಾಡಿಗೆ ಬಳಿದುಕೊಂಡೇ ಅಷ್ಟು ಟವೆಲ್ಲು ಗೆದ್ದಿರಬೇಕು. ನಾಳೆ ಬೆಳಿಗ್ಗೆ ಲಾರಿ ಹೊರಡುವ ಮುನ್ನ ಆ ಮೀಸೆಯನ್ನು ಬಾಚಿ, ಎರಡೂ ತುದಿ ಹುರಿ ಮಾಡಿ, ನನ್ನ ಆಶೀರ್ವಾದದೊಂದಿಗೆ ಮುಬಶ್ಶಿರನ ಕೈಗೆ ಕೊಟ್ಟು ಕಳಿಸುತ್ತೇನೆ. ಹಚ್ಚುವ ಅಂಟನ್ನು ಮಾತ್ರ ಕಳಿಸುವುದಿಲ್ಲ.