ಗೋಡೆಯೊಳಗೆ ಅರ್ಧ ಗೇಣು

ಗುಂಯ್… ಎಂದು ಶುರುವಾಗಿ, ಹಿಟ್ಟಿನ ಗಿರಣಿಯ ಹಾಗೆ ಏರಿ, ಸಂಜೆಯಾದರೂ ಇಳಿಯದ ಸದ್ದು ಅದು. ನಮ್ಮ ಸವಣೂರಿನ ಮನೆಯಲ್ಲಿ ಈಗ ಅದಿಲ್ಲ. ನನ್ನ ಕಿವಿಯೇ ಮಂದವಾಯಿತೇನೋ ಅನ್ನಿಸುತ್ತದೆ. ನನ್ನ ಮೈದುನನ ಕಂಪ್ಯೂಟರಿನ ಫ್ಯಾನು! ಈ ಮಹಾಶಯ ಜಗತ್ತನ್ನು ಚೌಕ ಚೌಕವಾಗಿ ಕತ್ತರಿಸಿ ನೋಡದೆ ಒಂದು ಲೋಟ ನೀರನ್ನೂ ನಂಬಿದವನಲ್ಲ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಂಟೆನಾ ಪಾಠ ಹೇಳಿ ರಿಟೈರ್ ಆದವನು. ನಾನು ಮದುವೆಯಾಗಿ ಬಂದಾಗ ಚಡ್ಡಿಯಲ್ಲಿದ್ದ. ಅದಕ್ಕೇ ಇವತ್ತಿಗೂ ನನಗೆ ‘ನೀನು’. ಅವನ ಸಾಫ್ಟ್‌ವೇರಿನ ಧರ್ಮ ಒಂದೇ: ರೇಡಿಯೋ ಅಲೆ ಹಾಯುವ ಜಾಗವನ್ನೆಲ್ಲ ಸಣ್ಣ ಚೌಕಗಳ ಬಲೆಯಾಗಿ ಹೆಣೆಯಬೇಕು. ಅದಕ್ಕೆ ಮೆಶ್ ಅಂತ ಹೆಸರು. ಒಂದು ಅಲೆಯ ಉದ್ದಕ್ಕೆ ಕನಿಷ್ಠ ಹತ್ತು ಚೌಕ. ಅಲೆ ಗಿಡ್ಡವಾದಲ್ಲಿ ಚೌಕ ಇನ್ನೂ ಸಣ್ಣ. ಇದೇನು ಮಹಾ ವಿದ್ಯೆ? ನಮ್ಮ ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಸಿಸ್ಟರ್ ಸ್ಕೇಲಿನಿಂದ ಬೆರಳಿಗೆ ತಟ್ಟಿ ಹೇಳುತ್ತಿದ್ದುದೂ ಅದೇ: “ಸ್ಮಾಲ್ ಸ್ಟಿಚಸ್ ಅಟ್ ದ ಕರ್ವ್, ಚೈಲ್ಡ್!”

ಒಂದು ಬೆಳಿಗ್ಗೆ ನನ್ನ ರಂಗೋಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ವೈನಿ, ತಿರುವಿನ್ಯಾಗ ಚುಕ್ಕಿ ಸಾಲವಲ್ರಿ!”

“ನೀನ ಹಾಕಪಾ, ಪ್ರೊಫೆಸರ್.”

ಹಾಕಿದ. ಬಿಸಿಲೇರುವವರೆಗೂ ಹಾಕಿದ. ಹಾಲಿನವನು ಬಂದು ಚಪ್ಪಲಿಗಾಲಲ್ಲಿ ಎಲ್ಲವನ್ನೂ ಒಂದೇ ಚೌಕ ಮಾಡಿ ಹೋದ!

ಹೋದ ವರ್ಷ ಬಾತ್‌ರೂಮಿನಲ್ಲಿ ಜಾರಿ ನನ್ನ ಸೊಂಟ ಮುರಿಯಿತು. ಅದೇ ತಿಂಗಳು ಆಡೂರಿನಲ್ಲಿ ನನ್ನ ಅಕ್ಕ ಹಾಸಿಗೆ ಹಿಡಿದಳು. ಡಾಕ್ಟರು ಹೆಚ್ಚು ದಿನ ಕೊಡಲಿಲ್ಲ. ನನಗೆ ಬಸ್ಸು, ಕಾರು ಎರಡೂ ಬಂದ್. ಫೋನಿನಲ್ಲಾದರೂ ಮುಖ ನೋಡೋಣವೆಂದರೆ, ಅವಳು ಮಲಗಿದ್ದ ಒಳಕೋಣೆಗೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಸಿಗ್ನಲ್ ಹೊಸ್ತಿಲಲ್ಲೇ ನಮಸ್ಕಾರ ಹೊಡೆದು ವಾಪಸ್! ಮಂಚ ಹೊರಗೆ ಹಾಕೋಣವೆಂದಳು ಅವಳ ಸೊಸೆ. ಅಕ್ಕ ಒಪ್ಪಿದಳೇ? “ಓಣಿ ಮಂದಿ ಮುಂದ ಮಲಗಿ ಸಾಯ್ಲೇನು?” ಅಂದಳಂತೆ.

“ಅಳಬ್ಯಾಡ್ರಿ ವೈನಿ. ಮಾಳಗಿ ಮ್ಯಾಲೊಂದು ಆಂಟೆನಾ, ಒಳಗ ಗ್ವಾಡಿಗೊಂದು, ನಡುವ ವೈರು. ನಾ ಮಾಡ್ತೇನಿ,” ಎಂದ ಮೈದುನ.

ಸದ್ದು ಶುರುವಾಯಿತು. ಸಂಜೆಗೆ ಸ್ಕ್ರೀನ್ ತುಂಬ ಹಸಿರು. ಭರಪೂರ ಸಿಗ್ನಲ್! ಮಾರನೇ ದಿನ ತಾಮ್ರದ ಕಡ್ಡಿಗಳ ಆಂಟೆನಾ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಕಂಡಕ್ಟರ್ ಅವನ ಮುದ್ರೆ ಹಚ್ಚಿದ ಹಣೆ ನೋಡಿದ, ತೊಡೆ ನೋಡಿದ. “ಆಚಾರ್ರ, ಇಷ್ಟು ದೊಡ್ಡ ಮೀನು ತಿಂದು ಎಲುಬು ಎಲ್ಲಿಗೆ ಒಯ್ಯಾಕತ್ತೀರಿ?”

ಆಡೂರಿನಲ್ಲಿ ಒಂದು ಹಲೋ ಕೂಡ ಬರಲಿಲ್ಲ. ಜೋಲುಮೋರೆ ಹಾಕಿಕೊಂಡು ಮರಳಿದ. ನಾನು ವಾಕರ್ ಹಿಡಿದು ಅವನ ಸ್ಕ್ರೀನಿನ ಮುಂದೆ ನಿಂತೆ.

“ಅಲ್ಲೋ, ಗಾಳಿಗೂ ಗ್ವಾಡಿಗೂ ಒಂದ ಅಳತಿ ಚೌಕ ಯಾಕ ಹಾಕೀದಿ?”

ಅವನು ಹಣೆ ಬಡಿದುಕೊಂಡ. “ಅಯ್ಯಯ್ಯ ವೈನಿ! ಗಾಳ್ಯಾಗ ಗೇಣುದ್ದ ಇರೂ ಅಲಿ ಮಣ್ಣಾಗ ಅರ್ಧ ಗೇಣಾಗ್ತದ್ರಿ. ನಾ ಗ್ವಾಡಿನೂ ಗಾಳಿ ಅಂತನ ತಿಳದು ಚೌಕ ಹಾಕೇನಿ! ಅದಕ್ಕ ಕಡ್ಡಿ ಅಳತಿನೂ ತಪ್ಪೇದ!”

“ಹುಡುಗೂರಿಗೆ ಇದನ್ನ ಕಲಿಸಲಿಲ್ಲೇನು?”

“ಇದನ್ನ ತಪ್ಪಿದವ್ರಿಗೆ ಸೊನ್ನಿ ಹಾಕ್ತಿದ್ದೆ.”

ಗೋಡೆಯ ಚೌಕಗಳನ್ನು ಸಣ್ಣ ಮಾಡಿದ. ಚೌಕ ಸಣ್ಣದಾದರೆ ಲೆಕ್ಕ ಬೆಟ್ಟದಷ್ಟು. ಸದ್ದು ಮೂರು ದಿನ ನಿಲ್ಲಲಿಲ್ಲ. ಅಕ್ಕನಿಗೆ ಮೂರು ದಿನ ಇದ್ದಾವೋ ಇಲ್ಲವೋ! ದೇವರ ಮನೆಗಿಂತ ಹೆಚ್ಚು ನಾನು ಆ ಫ್ಯಾನಿಗೆ ಕೈಮುಗಿದೆ, ಗಾಡ್ ಫರ್ಗಿವ್ ಮಿ.

ಮೂರನೇ ದಿನ ನಿಂತಿತು. ಆಮೇಲೆ ಅದು ಈ ಮನೆಯಲ್ಲಿ ಕೇಳಿಲ್ಲ. ತನಗೇ ಸೊನ್ನೆ ಹಾಕಿಕೊಂಡವನ ಹಾಗೆ ಅವನು ಕಂಪ್ಯೂಟರಿಗೆ ನನ್ನ ಹಳೆಯ ಸೀರೆ ಹೊದಿಸಿಬಿಟ್ಟಿದ್ದಾನೆ. ಮೊನ್ನೆ ಸ್ಟೂಲಿನ ಮೇಲೆ ಕೂತು, ಬೇಕೆಂದೇ ರಂಗೋಲಿಯ ತಿರುವಿನಲ್ಲಿ ಚುಕ್ಕಿ ಕಡಿಮೆ ಹಾಕಿ ನೋಡಿದೆ. ಸುಮ್ಮನೆ ದಾಟಿ ಹೋಗುತ್ತಾನೆ!

ಸದ್ದು ನಿಂತ ಆ ದಿನ ಹೊಸ ಅಳತೆಯ ಕಡ್ಡಿ ಹಿಡಿದು ಮತ್ತೆ ಆಡೂರಿಗೆ ಹೋದ. ಮಧ್ಯಾಹ್ನ ನನ್ನ ಫೋನು ಹೊಡೆದುಕೊಂಡಿತು. ವಿಡಿಯೋ! ಮೊದಲು ನಾಲ್ಕಾರು ಮಸುಕು ಚೌಕ. ಅವು ಒಡೆದು ಸಣ್ಣವಾದವು, ಇನ್ನೂ ಸಣ್ಣವಾದವು. ಮೂಗುತಿ ಬಂತು. ಚಿಕ್ಕಂದಿನಲ್ಲಿ ಬಾವಿಕಟ್ಟೆಯಿಂದ ನಾನೇ ದೂಡಿದಾಗ ಹುಬ್ಬಿನ ಮೇಲಾದ ಗಾಯದ ಗುರುತು ಬಂತು.

“ಕೈ ಯಾಕ ನಡಗಸ್ತೀಯೋ?” ಎಂದೆ ಮೈದುನನಿಗೆ.

“ಸುಮ್ನಿರ್ರಿ ವೈನಿ, ಇಲ್ಲಿಂದ ಒಂದು ಗೇಣು ಸರದ್ರ ಸಿಗ್ನಲ್ ಹೋಗ್ತದ.” ಎಪ್ಪತ್ತರ ಮುದುಕ, ಕುರ್ಚಿಯ ಮೇಲೆ ಹತ್ತಿ, ಫೋನು ಹಿಡಿದ ಕೈ ಚಾಚಿ ಒಂದು ತಾಸು ಹಾಗೇ ನಿಂತಿದ್ದನಂತೆ. ಅದನ್ನು ನನಗೆ ಹೇಳಿದವಳು ಅಕ್ಕನ ಸೊಸೆ.

“ಏನ, ತಲಿ ಬಾಚ್ಕೊಂಡಿಲ್ಲ?” ಎಂದಳು ಅಕ್ಕ. “ಕಾನ್ವೆಂಟಿನ್ಯಾಗ ಇದನ್ನ ಕಲತಿ?”

ಬಾಚಣಿಗೆ ತರಿಸಿಕೊಂಡು ಅವಳೆದುರಿಗೇ ಬಾಚಿಕೊಂಡೆ. ಬೈತಲೆ ಸೊಟ್ಟ ಎಂದಳು. ಮತ್ತೆ ತೆಗೆದೆ. ಇನ್ನೂ ಸೊಟ್ಟ. ಬೆರಳೆತ್ತಿ, ಹೀಗೆ, ಎಂದು ಗಾಳಿಯಲ್ಲಿ ನೆಟ್ಟಗೆ ಒಂದು ಗೆರೆ ಎಳೆದು ತೋರಿಸಿದಳು.

ನಾನು ಅಕ್ಕನನ್ನು ಕೊನೆಯ ಸಲ ನೋಡಿದ್ದು ಆಗಲೇ.