ಕೊಳದ ನೀರಿನ ಹಳದಿ

ವಿಜ್ಞಾನದ ಮೇಷ್ಟ್ರಿಗೆ ಮನೆಯಲ್ಲಿ ಗೌರವ ಇರುವುದು ಮೊದಲ ಬಲ್ಬು ಸುಟ್ಟುಹೋಗುವವರೆಗೆ ಮಾತ್ರ. ನನಗೆ ಬಲ್ಬಿನಿಂದ ಏನೂ ತೊಂದರೆಯಾಗಲಿಲ್ಲ, ಆದದ್ದು ನೀರಿನಿಂದ. ನನ್ನ ಹೆಂಡತಿ ಸುಮತಿಯ ಅಣ್ಣ ಬೊಂಬಾಯಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಮೂಡುಬಿದಿರೆಯಲ್ಲಿ ಮನೆ ಕಟ್ಟಿಸಿದಾಗ ಹಿತ್ತಿಲಲ್ಲಿ ಸಿಮೆಂಟಿನ ಈಜುಕೊಳವನ್ನೂ ಕಟ್ಟಿಸಿದರು. ಊರವರು ಅದನ್ನು ನೋಡಲು ಬಂದು, ಬಾವಿಯನ್ನು ಇಷ್ಟು ಅಗಲ ಮಾಡಿ ಆಳ ಮಾಡಲು ಮರೆತರಲ್ಲ ಎಂದು ಮರುಗಿ ಹೋದರು. ಭಾವ ಬೊಂಬಾಯಿಗೆ ಮರಳುವಾಗ ಮನೆ ನೋಡಿಕೊಳ್ಳಲು ನಮ್ಮನ್ನು ಅಲ್ಲಿ ಇರಿಸಿ, ಬ್ಲೀಚಿಂಗ್ ಪುಡಿಯ ಡಬ್ಬವನ್ನೂ ನೀರು ಪರೀಕ್ಷಿಸುವ ಪೆಟ್ಟಿಗೆಯನ್ನೂ ನನ್ನ ಕೈಗಿತ್ತರು. ಬೇಸಿಗೆ ರಜೆಗೆ ಮಕ್ಕಳೊಂದಿಗೆ ಬರುತ್ತೇನೆ, ಕ್ಲೋರಿನ್ ಕಡಿಮೆಯಾದರೆ ಮಕ್ಕಳಿಗೆ ಕಾಯಿಲೆ, ಹೆಚ್ಚಾದರೆ ಕಣ್ಣುರಿ ಎಂದು ಎಚ್ಚರಿಸಿದರು.

ಪರೀಕ್ಷೆ ಸುಲಭ. ಗಾಜಿನ ನಳಿಗೆಯಲ್ಲಿ ಕೊಳದ ನೀರು ಹಿಡಿದು ಔಷಧಿಯ ಕೆಲವು ಹನಿ ಬಿಡುವುದು. ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಅದನ್ನು ಪೆಟ್ಟಿಗೆಯ ಬಣ್ಣದ ಗಾಜುಗಳೊಂದಿಗೆ ಹೋಲಿಸುವುದು. ನಾನು ಶಾಲೆಗೆ ಹೊರಡುವ ಮೊದಲು ಬೆಳಗ್ಗೆ ನೋಡುತ್ತಿದ್ದೆ. ದಿನವೂ ನಿಂಬೆಸಿಪ್ಪೆಯಂಥ ಒಳ್ಳೆಯ ಹಳದಿ. ಪುಡಿ ಹಾಕುವ ಅಗತ್ಯವೇ ಕಾಣಲಿಲ್ಲ. ನೀರು ನನ್ನ ಕೈಗೆ ಪಳಗಿದೆ, ಇನ್ನು ಪುಡಿಯ ಖರ್ಚಿಲ್ಲ ಎಂದು ಭಾವನಿಗೆ ಬರೆದೂ ಬಿಟ್ಟೆ.

ಸುಮತಿ ಮಾತ್ರ ಸಂಜೆ ನಳಿಗೆಯನ್ನು ಬೆಳಕಿಗೆ ಹಿಡಿದು, ಇದು ಬರೀ ಗಂಜಿತಿಳಿ, ಹಳದಿ ಎಲ್ಲಿ ಎಂದು ಕೇಳುತ್ತಿದ್ದಳು. ನಳಿಗೆ ಸರಿಯಾಗಿ ತೊಳೆಯಲಿಲ್ಲ ಎಂದು ನಾನು. ಕನ್ನಡಕ ಬದಲಿಸಿ ಎಂದು ಅವಳು. ಒಂದು ವಾರ ಊಟದ ಎಲೆಯ ಮುಂದೆ ಕ್ಲೋರಿನ್ ಬಿಟ್ಟು ಬೇರೆ ಮಾತಿಲ್ಲ. ಮರುವಾರ ಆ ಮಾತೂ ಇಲ್ಲ.

ಭಾವ ಬರುವ ದಿನ ಹತ್ತಿರವಾದಾಗ ಅವಳು ತಾಯಿಯನ್ನು ನೋಡಲು ವೇಣೂರಿಗೆ ಹೋದಳು. ಮರುದಿನ ಬೆಳಗ್ಗೆ ನಳಿಗೆಯಲ್ಲಿ ಬಣ್ಣವೇ ಬರಲಿಲ್ಲ. ಔಷಧಿ ಹಳತಾಯಿತೋ ಎಂದು ಮತ್ತೆ ಹನಿ ಬಿಟ್ಟೆ, ಕನ್ನಡಕ ಒರೆಸಿದೆ. ನೀರು ನೀರಾಗಿಯೇ ಇತ್ತು. ಭಾವನ ಮಕ್ಕಳ ಮುಖ ನೆನೆದು ನಳಿಗೆಯನ್ನು ಮತ್ತೊಮ್ಮೆ ತೊಳೆದು ಹೊಸ ನೀರು ಹಿಡಿದೆ, ಅದೂ ಹಾಗೆಯೇ.

ಸಂಜೆಯ ಬಸ್ಸಿನಲ್ಲಿ ಸುಮತಿ ಬಂದಳು. ನನ್ನ ಮುಖ ನೋಡಿ, ಕೈಚೀಲವನ್ನೂ ಕೆಳಗಿಡದೆ ಕೇಳಿದಳು: "ನಿನ್ನೆ ಪುಡಿ ಹಾಕಿದ್ದೀರಾ?"

"ನಾನ್ಯಾಕೆ ಹಾಕ್ಬೇಕು? ದಿನಾ ಸರಿ ಇರ್ತದಲ್ಲ."

"ದಿನಾ ಸಂಜೆ ಹಾಕ್ತಾ ಇದ್ದದ್ದು ನಾನು. ನೀವು ಸರಿ ಉಂಟು ಅಂತ ಹೇಳ್ತಾ ಇದ್ರಿ, ನಾನು ಸುಮ್ಮನಿದ್ದೆ."

ಆಗ ಹೊಳೆಯಿತು. ಅವಳು ಹಾಕಿದ ಪುಡಿ ರಾತ್ರಿಯಿಡೀ ಉಳಿದು ನನಗೆ ಹಳದಿ ತೋರಿಸುತ್ತಿತ್ತು. ಹಗಲಿನ ಬಿಸಿಲು ಅದನ್ನು ತಿಂದು ಅವಳಿಗೆ ಗಂಜಿತಿಳಿ ಉಳಿಸುತ್ತಿತ್ತು. ಇಬ್ಬರ ಕಣ್ಣೂ ಸರಿಯಾಗಿತ್ತು. ತಪ್ಪಿದ್ದು ಭಾವನಿಗೆ ಹೋದ ಕಾಗದ ಒಂದೇ. ಅಂದಿನಿಂದ ಇಬ್ಬರೂ ಒಟ್ಟಿಗೆ ನೋಡಿ ಪುಡಿ ಹಾಕಿದೆವು. ಅವಳು ಹೇಳಿದಷ್ಟು ನಾನು ಅಳೆದೆ.

ಭಾವ ಬಂದವರು ನೀರು ನೋಡಿ ಸಂತೋಷಪಟ್ಟರು. ಮಕ್ಕಳು ಧುಮುಕಿದರು. ಫಲ್ಗುಣಿ ಹೊಳೆಯಲ್ಲಿ ಈಜು ಕಲಿತಿದ್ದ ಸುಮತಿಯೂ ಸೆರಗು ಬಿಗಿದು ಇಳಿದು, ಆಚೆ ದಡ ಮುಟ್ಟಿ ತಿರುಗಿ ನೋಡಿದಳು. "ನೀವೂ ಇಳೀರಿ, ನೀವೇ ಪಳಗಿಸಿದ ನೀರಲ್ವಾ" ಎಂದು ಭಾವ ನನ್ನನ್ನು ಕರೆದರು.

ನನಗೆ ಈಜು ಬಾರದು, ಬರುತ್ತದೆಯೇ ಎಂದು ಅಷ್ಟು ದಿನ ಯಾರೂ ಕೇಳಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಟ್ಟೆ. ಮೊಣಕಾಲಿನವರೆಗಿನ ನೀರಿನಲ್ಲಿ ಕ್ಲೋರಿನ್ ಸರಿಯಾಗಿತ್ತು. ಅದಕ್ಕಿಂತ ಆಳದ್ದನ್ನು ಸುಮತಿಯನ್ನೇ ಕೇಳಬೇಕು.