ಹಪ್ಪಳಕ್ಕೆ ಸೈನ್ಯದ ಅನುಮತಿ

ನಿಯಮ ಪಾಲಿಸುವುದಕ್ಕಿಂತ ನಿಯಮ ಮಾಡುವುದರಲ್ಲಿ ಸುಖ ಹೆಚ್ಚು. ಬ್ಯಾಂಕಿನಲ್ಲಿ ಕುಳಿತು “ಇನ್ನೊಂದು ಕಾಗದ ಬೇಕು” ಎಂದು ಜನರನ್ನು ವಾಪಸು ಕಳಿಸುತ್ತಲೇ ಕೂದಲು ನರೆಸಿಕೊಂಡ ನನಗೆ ನಿವೃತ್ತಿಯ ನಂತರ ಆ ಸುಖ ತಪ್ಪಿಹೋಗಿತ್ತು. ಕೋಲ್ಕತಾದ ನಮ್ಮ ಪಾಡಾಕ್ಕೆ, ಎಂದರೆ ನಮ್ಮ ಕೇರಿಗೆ, ಒತ್ತಿಕೊಂಡೇ ಸೈನ್ಯದ ಕ್ಯಾಂಪಿನ ಗೋಡೆಯಿದೆ. ಅದರ ಆಸುಪಾಸಿನಲ್ಲಿ ಏನು ಕಟ್ಟಬಹುದು, ಎಷ್ಟೆತ್ತರ ಕಟ್ಟಬಹುದು ಎಂದು ಸೈನ್ಯದವರೂ ಬೀದಿಯವರೂ ಕೂಡಿ ತೀರ್ಮಾನಿಸಲು ಸಮಿತಿಯೊಂದಾಯಿತು. ಬೀದಿಯ ಪರವಾಗಿ ಯಾರು ಎಂದು ಕೇಳುವ ಮೊದಲೇ ನಾನು ಒಪ್ಪಿಬಿಟ್ಟಿದ್ದೆ.

ಬೇಸಿಗೆಯಲ್ಲಿ ಮನೆಯಿಂದ ತಪ್ಪಿಸಿಕೊಳ್ಳಲು ಬೇರೆ ಕಾರಣವೂ ಇತ್ತೆನ್ನಿ. ಉಡುಪಿ ಕಡೆಯ ನನ್ನ ಹೆಂಡತಿಗೆ ವರ್ಷಕ್ಕಾಗುವಷ್ಟು ಹಲಸಿನ ಹಪ್ಪಳ ಆಗಲೇಬೇಕು. ಲೇಕ್ ಮಾರ್ಕೆಟಿನಿಂದ ಕಾಯಿ ಹೊರುವವನು ನಾನು, ಟೆರೇಸಿನಲ್ಲಿ ಕಾಗೆ ಓಡಿಸುವವನೂ ನಾನೇ. ಎರಡನೆಯದರಿಂದ ಒಂದು ಉಪಾಯ ಮಾಡಿ ಪಾರಾಗಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಸಭೆಯಲ್ಲಿ ಮಹಡಿ, ಕಿಟಕಿ, ಮರಗಳ ಮಾತೆಲ್ಲ ಮುಗಿದ ಮೇಲೆ ಕ್ಯಾಂಪಿನ ಮೇಜರ್ ಸಾಹೇಬರು ವಿನಯದಿಂದಲೇ ಒಂದು ದೂರು ಹೇಳಿದರು. ಯಾವುದೋ ಟೆರೇಸಿನಿಂದ ದಿನಾ ಮಧ್ಯಾಹ್ನ ಅವರ ಕಾವಲು ಗೋಪುರಕ್ಕೆ ಬೆಳಕು ಹೊಡೆಯುತ್ತಿದೆಯಂತೆ, ಜವಾನನಿಗೆ ಕಣ್ಣು ಬಿಡಲಾಗುತ್ತಿಲ್ಲವಂತೆ. ನನಗೆ ಕೂಡಲೇ ನೆನಪಾದವರು ಮೇಲಿನ ಮನೆಯ ದತ್ತಬಾಬು. ಹೂಕುಂಡ ಇಟ್ಟು ನಮ್ಮ ಟೆರೇಸಿನ ಅರ್ಧವನ್ನು ನುಂಗಿದವರು. ನಾನು ಎದ್ದು ನಿಂತು, “ಇದು ದೇಶದ ಭದ್ರತೆಯ ಪ್ರಶ್ನೆ” ಎಂದು ಗುಡುಗಿ, ನಿಯಮವನ್ನು ನಾನೇ ಬರೆಸಿದೆ: ಗೋಡೆಗೆ ಎದುರಿನ ಟೆರೇಸುಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಏನನ್ನೂ ಇಡಕೂಡದು, ಕಟ್ಟಕೂಡದು, ಹರಡಕೂಡದು. ಎಲ್ಲರೂ ಸಹಿ ಹಾಕಿದರು. ಆಮೇಲೆ ಮೇಜರ್ ತಮ್ಮ ಮೊಬೈಲಿನ ಫೋಟೋ ತೋರಿಸಿದರು. ಹಪ್ಪಳದ ಮೇಲೆ, ಬಟ್ಟೆ ಒಣಗಿಸುವ ಹಗ್ಗದಲ್ಲಿ, ಕಾಗೆ ಹೆದರಲೆಂದು ನಾನೇ ಕಟ್ಟಿದ ನನ್ನ ಗಡ್ಡ ಹೆರೆಯುವ ಕನ್ನಡಿ ತೂಗಾಡುತ್ತಿತ್ತು.

“ಎಂತ ಮಾರಾಯ್ರೇ!” ಎಂದಳು ಹೆಂಡತಿ. “ನಾಲ್ಕು ದಿನ ಸೊಂಟ ಬಗ್ಗಿಸಿ ಒತ್ತಿದ್ದು ನಾನು. ಅದಕ್ಕೇ ಕಾನೂನು ಮಾಡಿ ಬಂದದ್ದಾ ನೀವು? ಹಪ್ಪಳ ಹಾಳಾದ್ರೆ ಮಳೆಗಾಲದಲ್ಲಿ ಗಂಜಿಗೆ ನಿಮ್ಮ ಸಮಿತಿಯನ್ನೇ ಸುಟ್ಟು ತಿನ್ನಿ.” ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನದೇ ಸಮಿತಿಗೆ ನಾನೇ ಅರ್ಜಿ ಬರೆದೆ. ಹಪ್ಪಳಕ್ಕೆ ಅನುಮತಿ ಸಿಕ್ಕಿತು, ಕನ್ನಡಿಗೆ ಸಿಗಲಿಲ್ಲ. ಒಣಗುವವರೆಗೆ ಅರ್ಜಿದಾರ ಸ್ಥಳದಲ್ಲೇ ಇರಬೇಕೆಂದು ಷರತ್ತು ಬೇರೆ.

ಈಗ ಗೋಡೆಯಾಚೆ ಬಂದೂಕು ಹಿಡಿದ ಜವಾನ, ಈಚೆ ಕೋಲು ಹಿಡಿದ ನಾನು. ಅವನಿಗೆ ಆಗಾಗ ಬದಲಿ ಬರುತ್ತಾನೆ. ನನಗೂ ಅರ್ಧ ಗಂಟೆ ಬದಲಿ ಕೂರುತ್ತೀರಾ ಎಂದು ಕುಂಡಗಳಿಗೆ ಆಗಲೇ ಅನುಮತಿ ಪಡೆದು ಗಿಡಕ್ಕೆ ನೀರು ಹಾಕಲು ಬಂದ ದತ್ತಬಾಬುಗಳನ್ನು ಕೇಳಿದೆ. ಅವರು ಅನುಮತಿಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸಾವಕಾಶವಾಗಿ ಹೇಳಿದರು: “ಇದು ನಿಮ್ಮ ಹೆಸರಿನಲ್ಲಿದೆ ದಾದಾ. ನನಗೆ ಇನ್ನೊಂದು ಕಾಗದ ಬೇಕು.”